ಏಳುವ ಮುನ್ನ ಆರಿಸಿ

ಹೊಸ ಮನೆಯೊಂದರ ಮೆಟ್ಟಿಲು ನೇರ ಮೇಲೆ ಹೋಗಿ ಗೋಡೆಗೆ ತಾಗಿ ನಿಂತಿತು. ನಕ್ಷೆ ಬಿಡಿಸುವ ಕಚೇರಿಯಲ್ಲಿ ತಿದ್ದಿದ ನಕ್ಷೆ ಒಂದು ಕಂಪ್ಯೂಟರಿನಲ್ಲಿತ್ತು. ಮೇಸ್ತ್ರಿಗೆ ಹೋದದ್ದು ಇನ್ನೊಂದರಲ್ಲಿದ್ದ ಹಳೆಯದು. ಎಲ್ಲ ಕಂಪ್ಯೂಟರಿನಲ್ಲೂ ಸದಾ ಒಂದೇ ನಕ್ಷೆ ಇರುವಂತೆ ಒಂದು ಸರ್ವರ್ ಕೂರಿಸಬೇಕೆಂದು ಯಜಮಾನರು ತೀರ್ಮಾನಿಸಿದರು. ಕೆಲಸ ಬಿದ್ದದ್ದು ಅಲ್ಲಿ ನಕ್ಷೆ ಬಿಡಿಸುತ್ತಿದ್ದ 'ಎಕ್ಸ್‌ಪರ್ಟ್' ತಲೆಗೆ. ಹಿಂದೊಮ್ಮೆ ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದ ಎಳೆದು ತೆಗೆದ ತಪ್ಪಿಗೆ ಬಂದ ಬಿರುದು ಅದು.

"ಸಂಜೆ ಐದರೊಳಗೆ ಸರಿಹೋದ್ರೆ ನಾಳೆಯಿಂದ ನಿಮ್ಮ ರಜೆ. ಇಲ್ದಿದ್ರೆ ಇಲ್ಲ," ಎಂದರು ಯಜಮಾನರು.

ಮನೆಯಲ್ಲಿ ಹೆಂಡತಿ ಚೀಲ ತುಂಬಿಟ್ಟು ಕೂತಿದ್ದಳು. ಸಮುದ್ರ ತೋರಿಸುತ್ತೇನೆಂದು ಅವನು ಮಾತು ಕೊಟ್ಟು ಆರು ವರ್ಷವಾಗಿತ್ತು. ಪಾಪ, ಈ ಸಲ ನಂಬಿದ್ದಳು.

ಹಳೆಯ ಕಂಪ್ಯೂಟರೊಂದನ್ನು ಮೂಲೆಯ ಮೇಜಿನ ಮೇಲಿಟ್ಟು ಸರ್ವರ್ ಮಾಡಿದ. ಅದಕ್ಕೊಂದು ನಕ್ಷೆ ಹಾಕಿ, ತಲುಪಿತೇ ಎಂದು ನೋಡಲು ಟೈಪಿಸ್ಟಮ್ಮನ ಮೇಜಿಗೆ ಓಡಿದ. ತಲುಪಿರಲಿಲ್ಲ. ಮರಳಿ ಬಂದರೆ ಸರ್ವರ್ ತೆಪ್ಪಗೆ ಮಲಗಿತ್ತು. ತಂತಿ ಬದಲಿಸಿದ, ಪಾಸ್‌ವರ್ಡ್ ಬದಲಿಸಿದ, ಕೊನೆಗೆ ಮೇಜನ್ನೇ ಬದಲಿಸಿದ. ಎದುರಿಗೆ ಕೂತಿರುವಷ್ಟು ಹೊತ್ತು ಅದು ಮೇಷ್ಟ್ರ ಮುಂದಿನ ಹುಡುಗನಂತೆ ಇರುತ್ತಿತ್ತು. ಎದ್ದು ಹೋದರೆ ಮುಗಿಯಿತು.

"ಬಿಸಿಯಾಗಿರ್ಬೇಕು ಕಣ್ರೀ, ಫ್ಯಾನ್ ಇಡಿ," ಎಂದರು ಕ್ಯಾಷಿಯರ್. ಇಟ್ಟ. ಟೈಪಿಸ್ಟಮ್ಮನ ಕಾಗದಗಳು ಕಿಟಕಿ ದಾಟಿ ಬೀದಿಗೆ ಹಾರಿದವು.

"ಮೊದ್ಲು ಅವನ್ನ ಹೆಕ್ಕಿ ತನ್ನಿ. ನಿಮ್ಮ ಸರ್ವರ್ ಆಮೇಲೆ," ಎಂದರು ಆಕೆ.

ಹೆಕ್ಕಿ ತಂದಾಗ ಸರ್ವರ್ ಜೊತೆಗೆ ಅದೇ ಸ್ವಿಚ್ಚಿನ ಫ್ಯಾನೂ ನಿಂತಿತ್ತು. ಅವನ ಕಣ್ಣು ಗೋಡೆಯ ಫಲಕದ ಮೇಲೆ ಬಿತ್ತು: 'ಕುರ್ಚಿ ಬಿಟ್ಟು ಏಳುವ ಮುನ್ನ ಸ್ವಿಚ್ ಆರಿಸಿ.' ಯಜಮಾನರ ಎಂಟು ವರ್ಷದ ಆಜ್ಞೆ. ತಲೆಗೆ ಹೊಳೆಯಿತು. ಗಂಟೆ ನಾಲ್ಕೂವರೆ.

"ಸಾರ್, ನಾನು ಎದ್ದಾಗೆಲ್ಲ ಇವರಲ್ಲಿ ಯಾರೋ ಬಂದು ಆರಿಸ್ತಿದಾರೆ."

"ನಮಗೇನ್ರೀ ಆ ಮೂಲೇಲಿ ಕೆಲಸ?" ಕ್ಯಾಷಿಯರ್ ಕೆರಳಿದರು.

"ಹೋಗಿ ಮತ್ತೆ ಹಾಕಿ. ನಾನೇ ನಿಂತು ನೋಡ್ತೀನಿ," ಎಂದರು ಯಜಮಾನರು.

ಉಳಿದಿಬ್ಬರೂ ಕೈಕಟ್ಟಿ ನಿಂತರು. ಅವನು ಸರ್ವರ್ ಹಾಕಿ, ನಕ್ಷೆ ಕಳಿಸಿ ಎದ್ದ.

"ಅಲ್ಲೇ ನಿಲ್ಲಿ. ನಿಮ್ಮ ಬಲಗೈ ಎಲ್ಲಿದೆ ನೋಡ್ಕೊಳ್ಳಿ," ಎಂದರು ಯಜಮಾನರು.

ಅದು ಗೋಡೆಯ ಸ್ವಿಚ್ಚಿನ ಮೇಲಿತ್ತು. ಆರಿಸಿಯೂ ಆಗಿತ್ತು. ಎಂಟು ವರ್ಷದ ಅಭ್ಯಾಸ, ಕೈ ತಲೆಯನ್ನು ಕೇಳುವುದನ್ನು ಯಾವಾಗಲೋ ಬಿಟ್ಟಿತ್ತು.

ನಾಚಿಕೆಯಾದರೂ ಅವನಿಗೆ ಜೀವ ಬಂದಂತಾಯಿತು. ಮತ್ತೆ ಹಾಕಿ, ಅಲುಗಾಡದೆ ಕೂತ. ಐದಕ್ಕೆ ಹತ್ತು ನಿಮಿಷವಿರುವಾಗ ಟೈಪಿಸ್ಟಮ್ಮ, "ಬಂತು ನೋಡಿ," ಎಂದರು.

"ಸಾರ್, ಹಾಗಾದ್ರೆ ರಜೆ..."

ಯಜಮಾನರು ಗೋಡೆಯ ಫಲಕದತ್ತ ಬೆರಳು ತೋರಿಸಿದರು. "ಖಾಲಿ ಕುರ್ಚಿ ಮುಂದೆ ಕಂಪ್ಯೂಟರ್ ಉರಿಯೋ ಹಾಗಿಲ್ಲ, ಅದು ನಿಯಮ. ಸರ್ವರ್ ಆರೋ ಹಾಗೂ ಇಲ್ಲ. ಅಂದ್ಮೇಲೆ ನೀವು ಏಳೋ ಹಾಗಿಲ್ಲ."

ಅಷ್ಟರಲ್ಲಿ ಕಿಟಕಿಯ ಬಳಿ, ಅವನು ದಿನಾ ಕೂರುವ ಮೇಜಿನ ಮೇಲೆ ಫೋನ್ ಹೊಡೆದುಕೊಳ್ಳತೊಡಗಿತು. ಹೆಂಡತಿಯದೇ. ಅವನು ಕುರ್ಚಿ ಹಿಂದಕ್ಕೆ ಸರಿಸಿದ.

"ಏಳ್ಬೇಡಿ," ಎಂದರು ಮೂವರೂ ಒಟ್ಟಿಗೆ.