ಊಟದ ಮೇಜಿನ ರೈಲಿಗೆ ಆಯುಧಪೂಜೆ

ಕಡಕೊಳದ ಕಾರ್ಖಾನೆಯಲ್ಲಿ ಆನೆಗಾತ್ರದ ಯಂತ್ರಗಳ ಉಸ್ತುವಾರಿ ನೋಡುವವನಿಗೆ ಗೇಣುದ್ದದ ರೈಲು ಒಂದು ಲೆಕ್ಕವೇ? ಹೀಗೆಂದುಕೊಂಡೇ ನಾನು ಮಾದರಿ ರೈಲಿನ ಹವ್ಯಾಸಕ್ಕೆ ಕೈ ಹಾಕಿದೆ. ಪೆಟ್ಟಿಗೆ ಬಿಚ್ಚಿದೆ. ಬಿಚ್ಚಿದವನು ಹಾಗೇ ಕುಳಿತುಬಿಟ್ಟೆ!

ಎಂಥ ಎಂಜಿನ್ ಅಂತೀರಿ! ಬಾಗಿಲಿಗೆ ಹಿಡಿಕೆ, ಹಿಡಿಕೆಯ ಕೆಳಗೆ ಮೆಟ್ಟಿಲು, ಚಕ್ರದ ಪಕ್ಕ ಅಕ್ಕಿಕಾಳಿನಷ್ಟು ಸ್ಪ್ರಿಂಗು. ಊಟದ ಮೇಜಿನ ಮೇಲೆ ಹಳಿ ಜೋಡಿಸಿ, ವೈರು ಸಿಕ್ಕಿಸಿ, ಗುಂಡಿ ತಿರುಗಿಸಿದೆ. ಮುಂದಿನ ದೀಪ ಹತ್ತಿತು. ಬೋಗಿಗಳನ್ನು ಎಳೆದುಕೊಂಡು ಅದು ಬಲು ಗಂಭೀರವಾಗಿ ಹೊರಟಿತು. ನಾನು ಮಂಡಿಯೂರಿ, ಗಲ್ಲವನ್ನು ಮೇಜಿಗೆ ಆನಿಸಿ ನೋಡಿದೆ. ಆ ಎತ್ತರದಿಂದ ನೋಡಿದರೆ ಅದು ಆಟಿಕೆಯೇ ಅಲ್ಲ, ಎದುರಿಗೆ ಬರುತ್ತಿರುವ ನಿಜವಾದ ರೈಲು! ಮೈ ಜುಮ್ಮೆಂದಿತು. ತಲೆ ನರೆತವನು ಬಾಯಿ ಬಿಟ್ಟುಕೊಂಡು ಕೂತಿದ್ದೇನೆಂದು ನಾಚಿಕೆಯೂ ಆಗಲಿಲ್ಲ.

"ರೀ, ಪಲ್ಯದ ಪಾತ್ರೆ ಎಲ್ಲಿಡ್ಲಿ?" ಎಂದಳು ನನ್ನ ಹೆಂಡತಿ ಗಿರಿಜೆ.

"ಸ್ಟೇಷನ್ ಪಕ್ಕ ಇಡು."

ಅವಳು ಪಾತ್ರೆ ಇಡಲಿಲ್ಲ, ಷರತ್ತು ಇಟ್ಟಳು. ಆಯುಧಪೂಜೆಯ ದಿನ ಪಕ್ಕದ ಮನೆಯ ಪುಟ್ಟೇಗೌಡರು ಹೆಂಡತಿಯ ಜೊತೆ ಬರುತ್ತಾರೆ. ಅವರೆದುರು ರೈಲು ಒಂದು ಸುತ್ತು ನೆಟ್ಟಗೆ ಬಂದರೆ ಮೇಜು ರೈಲಿಗೆ. ಬರದಿದ್ದರೆ ರೈಲು ಅಟ್ಟಕ್ಕೆ. ನಾನು ನಕ್ಕು ಒಪ್ಪಿದೆ.

ಹಬ್ಬದ ದಿನ ಸ್ಕೂಟರಿಗೆ, ಮಿಕ್ಸಿಗೆ, ಗಿರಿಜೆಯ ಹೊಲಿಗೆ ಮಿಷನ್ನಿಗೆ ಪೂಜೆಯಾಯಿತು. ನಮ್ಮ ಮನೆಯಲ್ಲಿ ವಿಭೂತಿ ಹಚ್ಚಿಸಿಕೊಳ್ಳದ ಯಂತ್ರವೇ ಇಲ್ಲ. ರೈಲೇನು ಪಾಪ ಮಾಡಿತ್ತು? ಎಂಜಿನ್ನಿನ ಮೂತಿಗೆ ಮೂರು ಬೆರಳಿನಿಂದ ವಿಭೂತಿ ಎಳೆದೆ. ಮುಂದಿನ ಗಾಜು ಪೂರ್ತಿ ಮುಚ್ಚಿಹೋಯಿತು. ಚಕ್ರಗಳಿಗೆ ಕುಂಕುಮ ಇಟ್ಟೆ. ಹಳಿಗಳು ಬೇಜಾರು ಮಾಡಿಕೊಳ್ಳಬಾರದೆಂದು ಅವಕ್ಕೂ ಕೈಗೆಟುಕಿದಷ್ಟು ಉದ್ದಕ್ಕೆ ಇಟ್ಟೆ. ಚೆಂಡುಹೂವಿನ ಹಾರ ಹಾಕಿದರೆ ಎಂಜಿನ್ನೇ ಕಾಣೆಯಾಯಿತು! ಹಾರ ತೆಗೆದು ಒಂದೇ ಹೂವು ಇಟ್ಟೆ.

"ಕಾಯಿ ಆಚೆ ಹೋಗಿ ಒಡೀರಿ" ಎಂದಳು ಗಿರಿಜೆ. ಶಾಸ್ತ್ರವೆಂದರೆ ಸ್ಥಳದಲ್ಲೇ ಆಗಬೇಕೆಂದು ನಾನು ಮೇಜಿನ ಮೇಲೆ ಹಳಿಯ ಪಕ್ಕದಲ್ಲೇ ಕಲ್ಲಿಟ್ಟು ಒಡೆದೆ. ಎಳನೀರಿನಷ್ಟು ನೀರಿದ್ದ ಕಾಯಿ! ಅರ್ಧ ಹಳಿ ಮುಳುಗಿತು. ಪಂಚೆಯ ತುದಿಯಿಂದ ಒರೆಸಿದರೆ ಕುಂಕುಮವೆಲ್ಲ ಕೆಸರಾಯಿತು. ಆಗ ನನ್ನೊಳಗಿನ ಯಂತ್ರತಜ್ಞ ಎದ್ದು ನಿಂತ. ತಿರುಗುವ ಚಕ್ರಕ್ಕೆ ಬೇಕಾದದ್ದು ಎಣ್ಣೆಯಲ್ಲವೇ? ಬಚ್ಚಲಿನಿಂದ ಕೊಬ್ಬರಿ ಎಣ್ಣೆ ತಂದು, ಇಷ್ಟು ವರ್ಷದ ಅನುಭವವನ್ನೆಲ್ಲ ಹಳಿಗೆ ಸವರಿದೆ. ಆಚೆ ಕಡೆಯ ಹಳಿಗೆ ಕೈ ಎಟುಕಲಿಲ್ಲ, ಸುತ್ತಿ ಹೋಗಲು ಬೇಸರವಾಗಿ ಬಿಟ್ಟೆ.

"ಸಾರ್, ನಿಂಬೆಹಣ್ಣು ಮಡಗ್ಲಿಲ್ವಲ್ಲ!" ಎಂದರು ಅಷ್ಟರಲ್ಲಿ ಹೆಂಡತಿಯ ಜೊತೆ ಬಂದ ಪುಟ್ಟೇಗೌಡರು.

"ಗೌಡ್ರೇ, ಇದು ಚಿಕ್ಕ ರೈಲು."

"ಚಿಕ್ಕದಾದ್ರೇನು, ಗಾಡಿ ಗಾಡಿನೇ ಕಣ್ರೀ. ನಿಂಬೆಹಣ್ಣು ಹತ್ತುಸ್ದೆ ಹೊಸ ಗಾಡಿ ಎಂಗೆ ತಗೀತೀರಾ?"

ಮಾತಿನಲ್ಲಿ ನ್ಯಾಯವಿತ್ತು. ಹಳಿಯ ಮೇಲೆ ಒಂದು ನಿಂಬೆಹಣ್ಣು ಇಟ್ಟೆವು. ಎಂಜಿನ್ನೂ ಹಣ್ಣೂ ಸಮ ಎತ್ತರ. ಇಬ್ಬರೂ ಮುಖಾಮುಖಿ ನಿಂತರು.

ಗುಂಡಿ ತಿರುಗಿಸಿದೆ. ದೀಪವೂ ಹತ್ತಲಿಲ್ಲ. ಇನ್ನಷ್ಟು ತಿರುಗಿಸಿದೆ. ಊಹೂಂ! ಹಳಿಯಿಂದ ಚಕ್ರಕ್ಕೆ ಕರೆಂಟು ಹೋಗಬೇಕು, ನಡುವೆ ನನ್ನ ಎಣ್ಣೆ ಕೂತಿದೆ ಎಂಬುದು ಆಗ ಹೊಳೆಯಲೇ ಇಲ್ಲ.

"ನಾಚ್ಕೊಂಡದೆ. ಒಂಚೂರು ತಳ್ಳದಾ?" ಎಂದರು ಗೌಡರು. ನಾನು ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದೆ. ಅವರು ಬೆರಳಿನಿಂದ ನೂಕುತ್ತಾ ಹೋದರು. ನನ್ನ ಕೈ ಎಟುಕದ ಒಣ ಹಳಿ ಬಂತು ನೋಡಿ!

ರೈಲು ಚಂಗನೆ ಎಗರಿತು. ನಿಂಬೆಹಣ್ಣು ಮುಂದೆ, ಎಂಜಿನ್ ಹಿಂದೆ. "ಹೋಯ್ತು, ಹೋಯ್ತು!" ಎಂದು ಗೌಡರು ಚಪ್ಪಾಳೆ ತಟ್ಟಿದರು. ತಿರುವಿನಲ್ಲಿ ಹಳಿ ತಿರುಗಿತು, ಹಣ್ಣು ತಿರುಗಲಿಲ್ಲ. ಎಂಜಿನ್ ಹಣ್ಣಿನ ಮಾತನ್ನೇ ಕೇಳಿತು! ಬೋಗಿಗಳನ್ನು ಕಳಚಿಕೊಂಡು ಮೇಜಿನಿಂದ ಆಚೆಗೆ ಹಾರಿತು. ಕೆಳಗೆ ಗ್ರಾನೈಟ್ ನೆಲ. ಅಷ್ಟರಲ್ಲಿ ಗಿರಿಜೆ ಸೆರಗು ಒಡ್ಡಿದಳು. ಎಂಜಿನ್ ಅದರೊಳಗೆ ಬಿತ್ತು.

ನಾನು ತಲೆಯೆತ್ತಿ ಅಟ್ಟ ನೋಡಿದೆ. ಗಿರಿಜೆ ಸೆರಗಿನಿಂದ ಗಾಜಿನ ವಿಭೂತಿ ಒರೆಸುತ್ತಿದ್ದವಳು ಸಟ್ಟನೆ ನಿಲ್ಲಿಸಿ, ಎಂಜಿನ್ನನ್ನು ಕಣ್ಣಿನ ಹತ್ತಿರ ಹಿಡಿದಳು.

"ರೀ... ಒಳಗಡೆ ಡ್ರೈವರ್ ಕೂತಿದ್ದಾನೆ ಕಣ್ರೀ! ಟೋಪಿ ಬೇರೆ ಹಾಕ್ಕೊಂಡಿದ್ದಾನೆ!"

ಇಷ್ಟು ದಿನ ಬಾಯಿ ಬಿಟ್ಟು ನೋಡಿದ ನಾನು ಅವನನ್ನು ಕಂಡಿರಲೇ ಇಲ್ಲ. ಈಗ ಅವಳೂ ಬಾಯಿ ಬಿಟ್ಟಿದ್ದಳು.

"ಪಾಪ, ಗಾಜಿಗೆಲ್ಲ ವಿಭೂತಿ ಬಳಿದ್ರೆ ಆ ಮನುಷ್ಯ ಹೆಂಗೆ ಓಡಿಸ್ತಾನೆ?" ಎಂದು ನನ್ನನ್ನು ಗದರಿಸಿ, ಕೊರೊನಾ ಕಾಲದ ಸ್ಯಾನಿಟೈಸರ್ ಹುಡುಕಿ ತಂದಳು. ಹೊಲಿಗೆ ಮಿಷನ್ ಒರೆಸುವ ಬಟ್ಟೆಯಿಂದ ಹಳಿಯನ್ನೂ ಚಕ್ರಗಳನ್ನೂ ಉಜ್ಜಿ ಒಣಗಿಸಿ, ಬೋಗಿ ಜೋಡಿಸಿದಳು. "ನೀವು ಸರೀರಿ" ಎಂದು ತಾನೇ ಗುಂಡಿಯನ್ನು ಮೆಲ್ಲಗೆ ತಿರುಗಿಸಿದಳು.

ದೀಪ ಹತ್ತಿತು. ರೈಲು ಹೊರಟಿತು, ತಿರುಗಿತು, ಸುತ್ತು ಮುಗಿಸಿ ಬಂತು. ಗೌಡರ ಹೆಂಡತಿ ಕೈಮುಗಿದೇಬಿಟ್ಟರು. "ಸಾಕ್ಷಾತ್ ರೈಲೇ ಬಂದಂಗಾಯ್ತು ಕಣಮ್ಮ!" ಎಂದರು. ನಾಲ್ವರೂ ಮೇಜಿನ ಸುತ್ತ ಮಂಡಿಯೂರಿದೆವು. ನನ್ನ ಕಣ್ಣಲ್ಲಿ ನೀರು ಬಂದಿತ್ತು. ಸಂತೋಷಕ್ಕೇ ಬಂದದ್ದು, ಸುಳ್ಳೇಕೆ ಹೇಳಲಿ.

ಮೇಜು ರೈಲಿಗೇ ಸಿಕ್ಕಿತು. ನಾವೀಗ ನೆಲದ ಮೇಲೆ ಊಟ ಮಾಡುತ್ತೇವೆ. ದಿನಾ ಸಂಜೆ ಗಿರಿಜೆ ರೈಲು ಬಿಡುತ್ತಾಳೆ, ಗೌಡರು ಬಂದು ಸೀಟಿ ಊದುತ್ತಾರೆ. ನನಗೂ ಒಂದು ಸಲ ಗುಂಡಿ ಕೊಡು ಎಂದು ಕೇಳಿದೆ.

"ಮೊದ್ಲು ಹಳಿ ಒರೆಸೋದು ಕಲೀರಿ, ಆಮೇಲೆ ನೋಡೋಣ" ಎಂದಳು.

ಒರೆಸುತ್ತಿದ್ದೇನೆ.