ಟೈರಿಗೆ ಕಿವಿಗೊಡುವ ಚಿಕ್ಕಪ್ಪ

ನಮ್ಮ ಚಿಕ್ಕಪ್ಪನಿಗೆ ಮನುಷ್ಯರ ಮಾತು ಅಷ್ಟಕ್ಕಷ್ಟೆ. ಟೈರುಗಳ ಮಾತಾದರೆ ಮಾತ್ರ ಒಂದಕ್ಷರವೂ ತಪ್ಪುವುದಿಲ್ಲ! ಹಾಗಂತ ಹೇಳಿಕೊಳ್ಳುವವರು ಅವರೇ. ತೂಬಗೆರೆಯಿಂದ ದೊಡ್ಡಬಳ್ಳಾಪುರಕ್ಕೆ ಸೇವಂತಿಗೆ ಸಾಗಿಸುವ ಅವರ ಪಿಕಪ್ ಗಾಡಿಯಲ್ಲೇ ನಾನು ದಿನಾ ಬೆಳಿಗ್ಗೆ ಕೆಲಸಕ್ಕೆ ಹೋಗುವುದು. ಆದ್ದರಿಂದ ನಾನೇ ಸಾಕ್ಷಿ.

ಹೊರಡುವ ಮುಂಚೆ ಬೆರಳ ಗೆಣ್ಣಿನಿಂದ ನಾಲ್ಕೂ ಟೈರು ತಟ್ಟಿ, ಕಣ್ಣು ಮುಚ್ಚಿ ಆಲಿಸುತ್ತಾರೆ. ಊರಿನವರೂ ತಮ್ಮ ಗಾಡಿ ತಂದು ನಿಲ್ಲಿಸುತ್ತಾರೆ. "ಹಿಂದ್ಗಡೇದು ಸ್ವಲ್ಪ ಸೊರಗೈತೆ ಕಣಪ್ಪಾ, ಗಾಳಿ ಹಿಡ್ಸು" ಎಂದರೆ ಮುಗಿಯಿತು, ಪಂಕ್ಚರ್ ಅಂಗಡಿಯವನೂ ಎದುರಾಡುವುದಿಲ್ಲ. ಆ ಕಿವಿಯೇ ಅವರ ಮಾನ, ಮರ್ಯಾದೆ ಎಲ್ಲ.

ಇಂಥವರ ಗಾಡಿಗೆ ಚಿಕ್ಕಮ್ಮ ಟೈರಿನ ಗಾಳಿ ಕಾಯುವ ಮಿಷನ್ ಹಾಕಿಸಿದರೆ ಹೇಗಾಗಬೇಡ? ನಾಲ್ಕು ಟೈರಿನ ಗಾಳಿ ತುಂಬುವ ಮೂತಿಗೆ ನಾಲ್ಕು ಪುಟ್ಟ ಮುಚ್ಚಳ, ಸ್ಟೇರಿಂಗ್ ಪಕ್ಕ ಒಂದು ಪುಟ್ಟ ಪರದೆ. ಗಾಳಿ ಇಳಿದರೆ, ಯಾವ ಟೈರೆಂದು ಕೆಂಪು ದೀಪದಲ್ಲಿ ತೋರಿಸಿ ಕೀಂಕೀಂ ಎನ್ನುತ್ತದೆ. "ನನ್ ಕಿವಿ ಇರೋವಾಗ ಇದ್ಯಾಕೆ?" ಎಂದು ಚಿಕ್ಕಪ್ಪ ಎರಡು ದಿನ ಊಟ ಬಿಟ್ಟರು. (ತಿಂಡಿ ಬಿಡಲಿಲ್ಲ!)

ಆಯುಧ ಪೂಜೆ ಬಂತು. ಮುಚ್ಚಳಗಳನ್ನೆಲ್ಲ ಬಿಚ್ಚಿ, ತಟ್ಟೆಯಲ್ಲಿಟ್ಟು, ಅರಿಶಿನ ಕುಂಕುಮ ಹಚ್ಚಿದರು. ಯಾವುದು ಯಾವ ಟೈರಿನದು? ದೇವರಿಗೇ ಗೊತ್ತು! ಕೈಗೆ ಸಿಕ್ಕಂತೆ ತಿರುಗಿಸಿ ಹಾಕಿದರು. ಪರದೆಗೂ ಒಂದು ಸೇವಂತಿಗೆ ಏರಿತು. ಅಂದಿನಿಂದ ದಿನಾ ಒಂದು ಹೊಸ ಹೂವು, ಸರಿಯಾಗಿ ದೀಪದ ಮೇಲೆ.

ಮೊನ್ನೆ ಮಂಜು ಕವಿದಿತ್ತು. ರಸ್ತೆಯೆಲ್ಲಿ, ಹೊಲವೆಲ್ಲಿ, ನಾನೆಲ್ಲಿ ಎಂದು ತಿಳಿಯದಂಥ ಬೆಳಗು. ಹಿಂದಿನಿಂದ ಹೂವಿನ ಮೂಟೆಗಳ ಘಮ. ಗಾಡಿ ಮೋಡದೊಳಗೆ ತೇಲುತ್ತಿದೆ ಎಂದುಕೊಂಡು ನಾನು ಅರೆಗಣ್ಣಾಗಿದ್ದಾಗ ಮಿಷನ್ ಕೀಂಕೀಂ ಎಂದಿತು. ಚಿಕ್ಕಪ್ಪ ಏನೋ ಗುನುಗುತ್ತಲೇ ಇದ್ದರು.

"ಚಿಕ್ಕಪ್ಪಾ, ಕೂಗ್ತಾ ಐತೆ!"

"ಯಾರಮ್ಮಾ?"

ಹೂವು ಸರಿಸಿದೆ. ಎಡಗಡೆ ಮುಂದಿನ ಟೈರಿಗೆ ಕೆಂಪು ದೀಪ. ಇಳಿದು ತಟ್ಟಿ ನೋಡಿದರು. "ಕಲ್ಲಿದ್ದಂಗೈತೆ. ಸುಳ್ಳು ಮಿಷನ್ನು!" ಮುಚ್ಚಳ ಅದಲುಬದಲಾದರೆ ಅದು ತಾನೆ ಏನು ಮಾಡೀತು, ಪಾಪ? ಬಲಗಡೆ ಹಿಂದಿನ ಟೈರು ಬುಸ್ಸೆನ್ನುತ್ತಿದ್ದುದು ನಿಂತಲ್ಲಿಗೇ ನನಗೆ ಕೇಳಿಸುತ್ತಿತ್ತು. ಚಿಕ್ಕಪ್ಪ ಅದನ್ನೂ ತಟ್ಟಿದರು, ಕಣ್ಣು ಮುಚ್ಚಿದರು, ಆಲಿಸಿದರು. "ಇದೂ ಚೆನ್ನಾಗೈತೆ."

ನನಗೆ ನಗು ಬರಲಿಲ್ಲ. ಅವರ ಕೈ ಹಿಡಿದು ಆ ಬುಸ್ಸಿನ ಮುಂದೆ ಇಟ್ಟೆ. ಗಾಳಿ ಬೆರಳಿಗೆ ತಾಕಿತು. ಅವರು ಟೈರಿನ ಪಕ್ಕದಲ್ಲೇ ಕುಕ್ಕರಿಸಿದರು.

"ಒಂದೊರ್ಷ ಆಯ್ತು ಕಣಮ್ಮಾ, ಸರಿಯಾಗಿ ಕೇಳ್ಸಲ್ಲ. ಕಣ್ಣಂದಾಜ್ನಲ್ಲೇ ತಳ್ತಿದ್ದೆ. ನಿಮ್ ಚಿಕ್ಕಮ್ಮಂಗೆ ಹೇಳ್ಬ್ಯಾಡ."

ಹೇಳಲಿಲ್ಲ. ಸಂಜೆ ಚಿಕ್ಕಮ್ಮನನ್ನು ಆ ಮಿಷನ್ ಯಾಕೆ ಹಾಕಿಸಿದ್ದೆಂದು ಮಾತ್ರ ಕೇಳಿದೆ. ಅವರು ಹೂ ಕಟ್ಟುತ್ತಾ, ತಲೆಯೆತ್ತದೆ ಹೇಳಿದರು: "ಅಂಗಡೀಲಿ ಬರೀ ಕೂಗೋದು ತೋರ್ಸಿದ್ರು. ಬ್ಯಾಡ, ದೀಪ ಹತ್ಕೊಳೋದೇ ಕೊಡಿ ಅಂದೆ. ಅವ್ರಿಗೆ ಹೇಳ್ಬ್ಯಾಡ ಕಣೇ."

ಮರುದಿನ ಬೆಳಿಗ್ಗೆ ಚಿಕ್ಕಪ್ಪ ಟೈರು ತಟ್ಟಿ, ಕಣ್ಣು ಮುಚ್ಚುವ ಬದಲು ನನ್ನ ಮುಖ ನೋಡಿದರು. ಸರಿಯಿದೆ ಎಂದು ನಾನು ತಲೆಯಾಡಿಸಿದೆ. ಗಾಡಿ ಹತ್ತಿದ ಮೇಲೆ ಎಂದಿನಂತೆ ಪರದೆಗೆ ಸೇವಂತಿಗೆ ಏರಿಸಿದರು. ದೀಪದ ಮೇಲಲ್ಲ, ಸ್ವಲ್ಪ ಪಕ್ಕಕ್ಕೆ.