ಅವಳಿಗೇನು ಬೇಕಿತ್ತು?

ನಮ್ಮ ಅತ್ತಿಗೆಯ ಎದುರು ಜೋಕು ಹೇಳುವುದಕ್ಕಿಂತ ವೀಸಾ ಸಂದರ್ಶನ ಎದುರಿಸುವುದು ಸುಲಭ! ಅವರು ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದಲ್ಲಿ ಫ್ರೆಂಚ್ ಪ್ರಹಸನಗಳ ಹೆಂಗಸರ ಮೇಲೆ ಪಿಎಚ್.ಡಿ. ಮಾಡಿದವರು. ಬಜಾರಿ ಹೆಂಡತಿ, ಕಿಲಾಡಿ ಕೆಲಸದಾಕೆ, ಮದುವೆಗೆ ಹಾತೊರೆಯುವ ಮುದುಕಿ, ಇವರನ್ನು ಕಂಡರೆ ಜನ ಯಾಕೆ ನಗುತ್ತಾರೆ ಅಂತ ಐದು ವರ್ಷ ಯೋಚಿಸಿದ್ದಾರೆ. ಪಾಪ, ನಗುವುದಕ್ಕೇ ಪುರುಸೊತ್ತು ಸಿಕ್ಕಿಲ್ಲ! ಅವರ ಸಿದ್ಧಾಂತವೆಲ್ಲ ಒಂದೇ ಸಾಲಿನದು: ಸಭೆ ನಕ್ಕಾಗ ರಂಗದ ಮೇಲಿರುವ ಹೆಂಗಸನ್ನು ನೋಡಿ, ಅವಳಿಗೇನು ಬೇಕಿತ್ತು ಅಂತ ಕೇಳಿ.

ರಂಗದ ಮೇಲೆ ಕೇಳಿಕೊಳ್ಳಲಿ, ಬೇಡವೆಂದವರು ಯಾರು? ಒಮ್ಮೆ ಊಟಕ್ಕೆ ಕೂತಾಗ ನಾನೊಂದು ಗಂಡ-ಹೆಂಡತಿ ಜೋಕು ಶುರುಮಾಡಿದೆ. ಹೆಂಡತಿ ಲಟ್ಟಣಿಗೆ ಎತ್ತಿದಳು ಅನ್ನುವಷ್ಟರಲ್ಲಿ ಅತ್ತಿಗೆ ತಡೆದರು.

"ಅವಳಿಗೇನು ಬೇಕಿತ್ತು?"

"ಯಾರಿಗೆ ಅತ್ತಿಗೆ?"

"ಆ ಹೆಂಡ್ತಿಗೆ ಕಣೋ. ಸುಮ್‌ಸುಮ್ನೆ ಯಾರಾದ್ರೂ ಲಟ್ಟಣಿಗೆ ಎತ್ತುತ್ತಾರಾ?"

ಅಣ್ಣ ತಟ್ಟೆ ಹಿಡಿದು ಅಡುಗೆಮನೆಗೆ ಜಾರಿಕೊಂಡ. ಅನುಭವಸ್ಥ! ಸಾರು ಆರಿ ತಣ್ಣಗಾಗುವವರೆಗೆ ಆ ಹೆಂಡತಿಯ ಪರ ವಕಾಲತ್ತು ಕೇಳಿದವನು ನಾನು.

ಕನ್ನಡ ಕೂಟದ ದೀಪಾವಳಿ ನಾಟಕದಲ್ಲಿ ಮೀಸೆ ಬೋಳಿಸಿ, ಸೀರೆ ಉಟ್ಟು, ಜಗಳಗಂಟಿ ಅತ್ತೆಯಾಗಿದ್ದವನನ್ನೂ ಬಿಡಲಿಲ್ಲ. ಪರದೆ ಹಿಂದೆ ನುಗ್ಗಿ, "ಈ ಅತ್ತೆಗೆ ನಿಜವಾಗಿ ಏನು ಬೇಕು?" ಅಂತ ಹಿಡಿದುಕೊಂಡರು.

"ಅರ್ಜೆಂಟಾಗಿ ಒಂದು ಸೇಫ್ಟಿ ಪಿನ್ ಬೇಕು ಮೇಡಂ, ಸೀರೆ ಜಾರ್ತಿದೆ!"

ಮೊನ್ನೆ ಅಂತೂ ಪ್ರಬಂಧ ಮುಗಿಯಿತು. ಇಲ್ಲಿನ ಪದ್ಧತಿ ಕೇಳಿ: ಬರೆದವರೇ ಸುತ್ತಿಗೆ ಹಿಡಿದು, ಎಲ್ಲರೆದುರು ತಮ್ಮ ಪ್ರಬಂಧದ ಪುಸ್ತಕವನ್ನು ಹಲಗೆಗೆ ಮೊಳೆ ಹೊಡೆದು ಕೂರಿಸಬೇಕು! ಅದನ್ನು ನೋಡಲು ಅತ್ತಿಗೆಯ ಅಪ್ಪ, ಅಮ್ಮ ಉಡುಪಿಯಿಂದ ಬಂದಿದ್ದರು. ಮೊದಲು ಫೀಕಾ, ಅಂದರೆ ಕಾಫಿ ಮತ್ತು ದಾಲ್ಚಿನ್ನಿ ಬನ್ನು. ಬನ್ನು ಕೈಗೆ ಬಂದದ್ದೇ ತಡ, ಅಪ್ಪ ಮಗಳ ಸಹೋದ್ಯೋಗಿಗಳಿಗೆ ತಮ್ಮ ಹಳೇ ಕತೆ ತೆಗೆದರು. ಹೆಣ್ಣು ನೋಡಲು ಹೋದಾಗ ಹುಡುಗಿಗೆ ಒಂದು ಹಾಡು ಹೇಳು ಅಂದರಂತೆ. ಅವಳು ಕೂತವಳೇ ಮಂಗಳ ಹಾಡಿಬಿಟ್ಟಳಂತೆ! ಎಲ್ಲ ಮುಗಿದು ಜನ ಏಳುವಾಗ ಹಾಡುವುದನ್ನು! ನಲವತ್ತು ವರ್ಷದಿಂದ ಮನೆಮಂದಿ ನಕ್ಕ ಕತೆ ಅದು, ಅತ್ತಿಗೆಯೂ ಚಿಕ್ಕಂದಿನಿಂದ ನಕ್ಕವರೇ. ಇಲ್ಲಿಯೂ ಎಲ್ಲರೂ ನಕ್ಕರು. ಅಮ್ಮನೂ ಬಾಯಿಗೆ ಸೆರಗಿಟ್ಟು ನಕ್ಕರು.

"ಅವಳಿಗೇನು ಬೇಕಿತ್ತಪ್ಪ?" ಎಂದರು ಅತ್ತಿಗೆ, ಅಭ್ಯಾಸಬಲದಿಂದ. ಅಂದ ಮೇಲೆ, ಕೇಳಿದ್ದು ಯಾರ ಬಗ್ಗೆ ಎಂದು ಹೊಳೆದು ಮೆಲ್ಲಗೆ ಅಮ್ಮನತ್ತ ತಿರುಗಿದರು.

"ಅವ್ರೆಲ್ಲ ಎದ್ದು ಹೋಗ್ಬೇಕಿತ್ತು," ಅಂದರು ಅಮ್ಮ. "ನಂಗೆ ಕಾಲೇಜಿಗೆ ಸೇರ್ಬೇಕಂತ ಆಸೆ ಇತ್ತು ಮಗಾ. ಬಾಯಿಬಿಟ್ಟು ಹೇಳೋ ಧೈರ್ಯ ಇರ್ಲಿಲ್ಲ. ಅದ್ಕೇ ಮಂಗಳ ಹಾಡ್ದೆ."

ಅಪ್ಪನ ಬನ್ನು ಕೈಯಲ್ಲೇ ಉಳಿಯಿತು. "ಇಷ್ಟು ವರ್ಷ ನಂಗೆ ಹೇಳ್ಲೇ ಇಲ್ವಲ್ಲೇ?"

"ನೀವು ನಗ್ತಾ ಇದ್ರಲ್ಲ."

ಅತ್ತಿಗೆ ಕಣ್ಣೊರೆಸಿಕೊಂಡು ಸುತ್ತಿಗೆಯನ್ನು ಅಮ್ಮನ ಕೈಗಿಟ್ಟರು. "ನೀನೇ ಹೊಡಿಯಮ್ಮ."

ಅಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. ಪುಸ್ತಕ ಜಾರದ ಹಾಗೆ ಹಲಗೆಗೆ ಒತ್ತಿ ಹಿಡಿದವರು ಅಪ್ಪ. ಮೊದಲ ಏಟು ಅವರ ಹೆಬ್ಬೆರಳಿಗೇ ಬಿತ್ತು! ಅಮ್ಮ ಬಾಯಿ ಮುಚ್ಚಿಕೊಳ್ಳದೆ ಜೋರಾಗಿ ನಕ್ಕರು. ಅಪ್ಪ ಕೈ ತೆಗೆಯಲಿಲ್ಲ.